ಚೈತ್ರದ ತಾರೀಖು

ಆ ಮುಂಜಾನೆ ಆಕಾಶದ ತುಂಬ ಮೋಡವಿತ್ತು, ಆದರೆ ಮಳೆ ತರುವ ಮೋಡವಲ್ಲ. ಮೇ ತಿಂಗಳ ನಡುವೆ ಪುಣೆಯ ಆಕಾಶ ಒಂದೆರಡು ದಿನ ಹೀಗೆ ಮುಖ ಗಂಟಿಕ್ಕಿಕೊಂಡು ಕೂರುತ್ತದೆ. ಗಾಳಿ ನಿಂತುಬಿಡುತ್ತದೆ. ತಗಡಿನ ಮನೆಗಳು ಹಿಂದಿನ ದಿನದ ಕಾವನ್ನು ಬಿಡದೆ ಹಿಡಿದಿಟ್ಟುಕೊಂಡಿರುತ್ತವೆ. ಹಡಪಸರದ ಕಾಲುವೆ ದಂಡೆಯ ವಸ್ತಿಯಲ್ಲಿ ನಳದ ಮುಂದೆ ಕೊಡ ಇಟ್ಟು ನಿಂತಿದ್ದ ಭೀಮವ್ವನ ಕುಪ್ಪಸ ಆರು ಗಂಟೆಗೇ ಬೆನ್ನಿಗೆ ಅಂಟಿತ್ತು. ಅವಳ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು.

"ಏನ್ ಮಂತ್ರ ಹೇಳಾಕತ್ತೀಯವ್ವ, ಮದುಮಗಳೇ? ನಳದಾಗ ನೀರು ಬರ್ಲಿ ಅಂತೇನು?" ಹಿಂದೆ ನಿಂತಿದ್ದ ನೆರೆಮನೆಯ ಅನುಸೂಯಾ ಕೇಳಿದಳು.

"ತಾರೀಖು ಬಾಯಿಪಾಠ ಮಾಡಾಕತ್ತೀನಿ. ಏಪ್ರಿಲ್ ಹದಿನೇಳು."

"ನನ್ನ ಲಗ್ನದ ತಾರೀಖು ನನಗಽ ಗೊತ್ತಿಲ್ಲ. ಯಾರರ ಕೇಳಿದ್ರ, ಜ್ವಾಳದ ರಾಶಿ ಮುಗದಿತ್ತು ಅಂತೀನಿ."

"ನಿನಗ ಯಾರೂ ಕೇಳಂಗಿಲ್ಲ ಬಿಡು. ನಿನ್ನ ಗಂಡ ಗಟ್ಟಿ ಅದಾನ."

ಅನುಸೂಯಾಳ ನಗೆ ಅಲ್ಲಿಗೇ ನಿಂತಿತು. ಭೀಮವ್ವನ ಗಂಡ ಶಂಕ್ರೆಪ್ಪನ ಎರಡೂ ಮೂತ್ರಪಿಂಡ ಕೆಟ್ಟು ಹನ್ನೊಂದು ತಿಂಗಳಾಗಿತ್ತು. ಕುರಕುಂಭದ ಕಾರಖಾನೆಗಳ ಕಂಪೌಂಡು ಕಟ್ಟಿದ ಗೌಂಡಿ ಅವನು. ಮೈಯೊಳಗೆ ರಕ್ತದ ಒತ್ತಡ ಏರುತ್ತ ಹೋದದ್ದು, ಬಿಸಿಲಿಗೆ ತಲೆ ನೋಯುತ್ತದೆ ಎಂದು ರುಮಾಲು ಬಿಗಿದು ಸುತ್ತಿಕೊಂಡವನಿಗೆ ತಿಳಿಯಲಿಲ್ಲ. ಈಗ ವಾರಕ್ಕೆ ಮೂರು ಸಲ ಯಂತ್ರದ ಮುಂದೆ ಮಲಗಿ ರಕ್ತ ತೊಳೆಸಿಕೊಳ್ಳಬೇಕು. ಯಂತ್ರದ ಸೂಜಿ ಹೋಗುವ ಎಡಗೈಯ ನರವೂ ಸೋಲುತ್ತ ಬಂದಿದೆ, ಇನ್ನು ಬಹಳ ದಿನ ತಡೆಯಲಾರದು ಎಂದು ಡಾಕ್ಟರು ಹೇಳಿದ್ದರು. ಭೀಮವ್ವನ ರಕ್ತ ಅವನದಕ್ಕೆ ಹೊಂದಿತ್ತು. ತನ್ನದೊಂದನ್ನು ತೆಗೆದು ಅವನಿಗೆ ಹಾಕಿರೆಂದು ಅವಳು ಬೆರಳೊತ್ತಿ ಕೊಟ್ಟಿದ್ದಳು. ಖರ್ಚಿಗೆ ಸರಕಾರದ ಯೋಜನೆ ಒಪ್ಪಿತ್ತು. ಉಳಿದದ್ದು ಒಂದೇ, ಅವಳು ಅವನ ಹೆಂಡತಿ ಹೌದೋ ಅಲ್ಲವೋ ಎಂದು ದವಾಖಾನೆಯ ಕಮಿಟಿ ನೋಡಬೇಕಿತ್ತು. ಅದು ನಡೆಯುವುದು ಇವತ್ತು, ಹನ್ನೊಂದು ಗಂಟೆಗೆ.

ಕಾಯದೇಶೀರ ಎಂಬ ಮಾತನ್ನು ಭೀಮವ್ವ ಕಲಿತದ್ದು ಪುಣೆಗೆ ಬಂದ ಮೇಲೆ. ಮರಾಠಿಯ ಮಾತು ಅದು, ಕಾಯ್ದೆಗೆ ಒಪ್ಪಿದ್ದು ಎಂದು ಅರ್ಥ. ವಸ್ತಿಯಲ್ಲಿ ಕನ್ನಡದವರು, ತೆಲುಗಿನವರು, ಬಿಹಾರದವರು ಎಲ್ಲರ ಬಾಯಲ್ಲೂ ಅದು ತಮ್ಮದೇ ಮಾತೆಂಬಂತೆ ಓಡಾಡುತ್ತದೆ. ಮೊದಲು ತಗಡಿನ ಮನೆ ಏಳುತ್ತದೆ, ಹತ್ತು ವರ್ಷಕ್ಕೆ ಅದರ ಬಾಗಿಲಿಗೊಂದು ನಂಬರು ಬರುತ್ತದೆ, ಮನೆ ಕಾಯದೇಶೀರ ಆಯಿತು ಎನ್ನುತ್ತಾರೆ. ಮೊದಲು ಕಂಬದ ತಂತಿಗೆ ಕೊಕ್ಕೆ ಬಿದ್ದು ದೀಪ ಹತ್ತುತ್ತದೆ, ಆಮೇಲೆ ಮೀಟರು ಬರುತ್ತದೆ. ದೀಪ ಅದೇ, ಬೆಳಕೂ ಅದೇ. ಹೀಗೆ ನೋಡಿ ನೋಡಿ ಅವಳ ತಿಳಿವಳಿಕೆಯಲ್ಲಿ ಆ ಮಾತಿಗೆ ಇಷ್ಟೇ ಅರ್ಥ ಉಳಿದಿತ್ತು: ಇದ್ದದ್ದು ಇದ್ದಲ್ಲೇ ಇರುತ್ತದೆ, ಅದರ ಮೇಲೊಂದು ಕಾಗದ ಬಂದು ಕೂರುತ್ತದೆ, ಕೂಸಿನ ತಲೆಗೆ ಕುಂಚಿಗೆ ಕಟ್ಟಿದ ಹಾಗೆ.

ಸುರಪುರ ಸೀಮೆಯ ಅವಳ ಹಳ್ಳಿಯಲ್ಲಿ ಇದನ್ನು ದೈವಕ್ಕೆ ಒಪ್ಪಿಸುವುದು ಎನ್ನುತ್ತಿದ್ದರು. ದೈವವೆಂದರೆ ಗುಡಿಯೊಳಗಿನ ದೇವರಲ್ಲ, ಗುಡಿಯ ಕಟ್ಟೆಯ ಮೇಲೆ ಕೂತ ನಾಲ್ಕು ಮಂದಿ ಹಿರಿಯರು. ಮೊದಲ ಗಂಡ ಹಾವು ಕಚ್ಚಿ ಹೋದಾಗ ಭೀಮವ್ವನಿಗೆ ಇಪ್ಪತ್ತೆರಡು. ಒಂದು ವರ್ಷ ಕಳೆದ ಮೇಲೆ ಶಂಕ್ರೆಪ್ಪ ಬಂದು ಕೇಳಿದ, ದೈವ ಹೂಂ ಎಂದಿತು, ಉಡಿಕೆ ಆಯಿತು. ವಿಧವೆಯ ಮರುಮದುವೆಗೆ ಹಂದರವಿಲ್ಲ, ಬಾಜಾ ಇಲ್ಲ, ಅಕ್ಷತೆ ಇಲ್ಲ. ಹೊತ್ತು ಮುಳುಗಿದ ಮೇಲೆ ಹನುಮಪ್ಪನ ಗುಡಿಯ ಹಿಂದೆ, ಗಂಡು ತಂದ ಸೀರೆಯನ್ನು ಇನ್ನೊಬ್ಬ ವಿಧವೆ ಉಡಿಸುತ್ತಾಳೆ. ಮುತ್ತೈದೆಯರು ಆ ಕಡೆ ಸುಳಿಯುವಂತಿಲ್ಲ, ಮಕ್ಕಳನ್ನು ಮನೆಯೊಳಗೆ ಕರೆದುಕೊಳ್ಳುತ್ತಾರೆ. ಆ ಕತ್ತಲಲ್ಲಿ ಭೀಮವ್ವ ಅವನ ಕೈಯನ್ನಷ್ಟೇ ಕಂಡಿದ್ದಳು. ಉಗುರಿನ ಸಂದಿಯಲ್ಲಿ ಸುಣ್ಣ ಇತ್ತು. ಆ ಕೈ ಹಿಡಿದು ಪುಣೆಗೆ ಬಂದವಳು ಇಪ್ಪತ್ತೊಂದು ವರ್ಷ ಬಾಳಿದಳು. ಅವಳ ಅಣ್ಣ ಊರಲ್ಲಿ ಹಳೆಯ ರೇಶನ್ ಕಾರ್ಡು ತೋರಿಸಿ ಅವಳಿಗೆ ಆಧಾರ್ ಕಾರ್ಡು ಮಾಡಿಸಿದ್ದ. ಅದರಲ್ಲಿ ಅವಳು ಇವತ್ತಿಗೂ ಸತ್ತ ಗಂಡನ ಹೆಂಡತಿ. ಬದಲಿಸಬೇಕು ಎಂದು ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಕೇಳುವ ದಿನ ಬಂದಾಗ ಅವಳು ಹೋದದ್ದು ಶಿವಪ್ರಕಾಶರ ಹತ್ತಿರ. ಶಿವಾಜಿನಗರದ ಕೋರ್ಟಿನ ಎದುರಿನ ಗಲ್ಲಿಯಲ್ಲಿ ಮೂವತ್ತು ವರ್ಷದಿಂದ ಅರ್ಜಿ ಟೈಪು ಮಾಡುತ್ತಿದ್ದವರು. ಮೂಲ ಜಮಖಂಡಿಯವರು. ಹಣೆಯ ತುಂಬ ವಿಭೂತಿ ಧರಿಸಿ, ಟೈಪು ಯಂತ್ರಕ್ಕೆ ಕೈ ಮುಗಿದು ಕೆಲಸ ಹಚ್ಚುವ ಮನುಷ್ಯ. ಊರ ಕಡೆಯ ಕೂಲಿಕಾರರ ಅರ್ಜಿಗೆ ದುಡ್ಡು ಮುಟ್ಟುತ್ತಿರಲಿಲ್ಲ.

"ಲಗ್ನದ ಫೋಟೋ?" ಅವರು ಕೇಳಿದ್ದರು.

"ಇಲ್ರಿ."

"ಪತ್ರಿಕಿ?"

"ಇಲ್ರಿ."

"ಲಗ್ನ ಮಾಡಿಸಿದ ಅಯ್ಯನವರು?"

"ಉಡಿಕಿಗಿ ಅಯ್ಯನವರು ಬರಂಗಿಲ್ಲಲ್ರಿ ಅಣ್ಣಾರ."

"ನೋಡಿದವರು ಯಾರರೆ?"

"ಸೀರಿ ಉಡಿಸಿದಾಕಿ ಇದ್ದಳ್ರಿ. ತೀರಿಕೊಂಡಾಳ."

ಶಿವಪ್ರಕಾಶರು ಚಷ್ಮಾ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. "ತಂಗೆವ್ವಾ, ಯಾರೂ ನೋಡಬಾರದು ಅಂತ ಮಾಡಿದ ಲಗ್ನಕ್ಕ ಸಾಕ್ಷಿ ಎಲ್ಲಿಂದ ತರೂಣು?" ಎಂದರು. ಚಷ್ಮಾ ಮತ್ತೆ ಏರಿಸಿಕೊಂಡು ಅವರೇ ದಾರಿ ಹೇಳಿದರು. "ಇನ್ನೊಮ್ಮಿ ಮಾಡಿಬಿಡ್ರಿ. ಗುಡಿಯೊಳಗ, ಹಗಲೊತ್ತಿನ್ಯಾಗ. ಫೋಟೋ ತಗಸೂಣು, ರಜಿಸ್ಟರ್ ಮಾಡಿಸೂಣು. ಆತಂದ್ರ ಎಲ್ಲಾ ಕಾಯದೇಶೀರ."

ಚೈತ್ರದ ಒಂದು ಸೋಮವಾರ ಹಡಪಸರದ ಮಹಾದೇವ ಗುಡಿಯಲ್ಲಿ ಆ ಮದುವೆ ನಡೆಯಿತು. ಊದಿದ ಪಾದಕ್ಕೆ ಚಪ್ಪಲಿ ಹಿಡಿಯದೆ ಶಂಕ್ರೆಪ್ಪ ಬರಿಗಾಲಲ್ಲಿ ಬಂದಿದ್ದ. ವಸ್ತಿಯ ಹೆಂಗಸರು ಸುತ್ತ ನಿಂತು ಆಡಿಕೊಂಡರು.

"ಮದಲಿಂಗ ಸ್ವಲ್ಪ ಹಳೀ ಮಾಲು ಆತಲ್ಲವ್ವ."

"ಹೆಣ್ಣೇನು ಹೊಸಾದು ಐತೇನು?"

"ಮದುಮಗಳು ತಲಿ ಬಗ್ಗಿಸಬೇಕು, ಏ ಭೀಮವ್ವ, ನೀ ಏನ್ ಸಿಮೆಂಟಿನ ಲಾರಿ ಬಂತೇನು ಅಂತ ನೋಡೂಹಂಗ ನೋಡಾಕತ್ತಿ."

ಶಂಕ್ರೆಪ್ಪ ಹೂವಿನ ಹಾರದೊಳಗಿಂದ, "ಅಂದ್ರ ಇಪ್ಪತ್ತೊಂದು ವರ್ಷ ಈಕಿನ್ನ ಕದ್ದು ಇಟಗೊಂಡಿದ್ದೆ ಅಂದಂಗಾತು," ಎಂದ. ಎಲ್ಲರೂ ನಕ್ಕರು, ಶಿವಪ್ರಕಾಶರೂ ನಕ್ಕರು. ಆದರೆ ಪೂಜಾರಿ ಮರಾಠಿಯಲ್ಲಿ ಮಂತ್ರ ಬೆರೆಸಿ ಹೇಳುತ್ತ ಅವಳ ಕೊರಳಿಗೆ ಕರಿಮಣಿ ಕಟ್ಟಿಸುವಾಗ ಭೀಮವ್ವನಿಗೆ ಯಾಕೋ ಒಳಗೆ ಕಸಿವಿಸಿಯಾಯಿತು. ಕೊರಳಲ್ಲಿದ್ದ ಹಳೆಯದನ್ನು ಮುಂಜಾನೆಯೇ ಬಿಚ್ಚಿಡಬೇಕಾಗಿತ್ತು, ಫೋಟೋದಲ್ಲಿ ಕಾಣಬಾರದೆಂದು. ಗಂಡ ಬದುಕಿರುವಾಗಲೇ ಅವಳು ಅದನ್ನು ಬಿಚ್ಚಿದ್ದಳು. ಶಿವನೇ, ನೀ ನೋಡಾಕತ್ತೀಯಲ್ಲ, ನಿನಗ ತಿಳೀತದ ಎಂದುಕೊಂಡಳು. ಶಿವನೇನೋ ನೋಡಿರಬೇಕು.

ಇವತ್ತು ದವಾಖಾನೆಯ ಮೂರನೆಯ ಮಹಡಿಯಲ್ಲಿ ಆ ಮದುವೆಯ ಸರ್ಟಿಫಿಕೇಟು ಪ್ಲಾಸ್ಟಿಕ್ ಹಾಳೆಯೊಳಗೆ ಅವಳ ತೊಡೆಯ ಮೇಲಿತ್ತು. ಶಂಕ್ರೆಪ್ಪ ಗೋಡೆಗೆ ಒರಗಿ ಕೂತಿದ್ದ. ಶಿವಪ್ರಕಾಶರು ಕೋರ್ಟಿನ ಕೆಲಸ ಬಿಟ್ಟು ಬಂದಿದ್ದರು.

"ತಂಗೆವ್ವಾ, ಒಬ್ಬೊಬ್ಬರನ್ನ ಬ್ಯಾರೆ ಬ್ಯಾರೆ ಕರೀತಾರ. ಕಾಗದ ಏನ್ ಹೇಳ್ತದೋ ಅದನ್ನಷ್ಟಽ ಹೇಳ್ರಿ. ಅದಕ್ಕಿಂತ ಒಂದು ಮಾತು ಹೆಚ್ಚಿಗಿ ಬ್ಯಾಡ. ಶಂಕ್ರೆಪ್ಪಾ, ನಿನಗೂ ಹೇಳಿದ್ದು."

"ಹೂಂರಿ," ಎಂದ ಶಂಕ್ರೆಪ್ಪ, ಕಣ್ಣು ಮುಚ್ಚಿಕೊಂಡೇ.

ಮೊದಲು ಭೀಮವ್ವನನ್ನು ಕರೆದರು. ಉದ್ದ ಮೇಜಿನ ಹಿಂದೆ ಐವರು ಕೂತಿದ್ದರು. ಪಕ್ಕದಲ್ಲಿ ದವಾಖಾನೆಯ ಸಮಾಜಸೇವಕಿ ತ್ರಿವೇಣಿ ಇದ್ದಳು. ಅಕ್ಕಲಕೋಟೆಯ ಹುಡುಗಿ, ಕನ್ನಡ ಬಲ್ಲವಳು, ಮರಾಠಿಯ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿ ಹೇಳಲು ಕೂತಿದ್ದಳು. ಮೇಜಿನ ಮೇಲೆ ಒಂದು ಕ್ಯಾಮೆರಾ. ಅದರ ಕೆಂಪು ದೀಪ ಹತ್ತಿತು. ತ್ರಿವೇಣಿ ಮರಾಠಿಯ ವಾಡಿಕೆಯಂತೆ ಅವಳನ್ನು ಚಿಕ್ಕಮ್ಮ ಎಂದು ಕರೆದೇ ಮಾತು ತೆಗೆದಳು.

"ಮಾವಶಿ, ಅಂಜಬ್ಯಾಡ್ರಿ. ನಿಮ್ಮ ಮನಸ್ಸಿನಿಂದಽ ಕೊಡಾಕತ್ತೀರೇನು ಅಂತ ಕೇಳಾಕತ್ತಾರ. ಯಾರರ ಜುಲುಮಿ ಮಾಡ್ಯಾರೇನು?"

"ಇಲ್ರಿ. ನನ್ನ ಮನಸ್ಸಿನಿಂದರಿ."

"ಮದುವಿ ಯಾವಾಗ ಆತು?"

"ಏಪ್ರಿಲ್ ಹದಿನೇಳರಿ."

ಬಾಯಿಪಾಠ ತಪ್ಪಲಿಲ್ಲವೆಂದು ಅವಳ ಎದೆ ಹಗುರಾಯಿತು. ನಡುವೆ ಕೂತಿದ್ದ ನರೆಗೂದಲಿನ ಡಾಕ್ಟರು ಫೈಲಿನ ಹಾಳೆ ತಿರುವಿದರು. ಮೆಲ್ಲಗೆ ಏನೋ ಕೇಳಿದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ.

"ಅದಕ್ಕೂ ಮೊದಲು ಶಂಕ್ರೆಪ್ಪ ಕಾಕಾ ನಿಮಗ ಏನಾಗಬೇಕಿತ್ತು ಅಂತ ಕೇಳಾಕತ್ತಾರ," ಎಂದಳು ತ್ರಿವೇಣಿ.

ಇದನ್ನು ಅವಳು ಬಾಯಿಪಾಠ ಮಾಡಿರಲಿಲ್ಲ. ಪ್ಲಾಸ್ಟಿಕ್ ಹಾಳೆಯ ಕಡೆ ನೋಡಿದಳು. ಅವಳಿಗೆ ಓದು ಬಾರದು. ಆದರೆ ಆ ಕಾಗದದಲ್ಲಿ ಚೈತ್ರಕ್ಕಿಂತ ಹಿಂದಿನದು ಒಂದಕ್ಷರವೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಇದ್ದದ್ದನ್ನು ಹೇಳಿದರೆ ಕಾಗದ ಸುಳ್ಳಾಗುತ್ತದೆ, ಕಾಗದ ಸುಳ್ಳಾದರೆ ಎಲ್ಲ ಹೋಗುತ್ತದೆ ಎಂದು ಅವಳ ತಲೆ ಲೆಕ್ಕ ಹಾಕಿತು.

"ಏನೂ ಆಗಬೇಕಿರ್ಲಿಲ್ರಿ," ಎಂದಳು. "ಒಂದಽ ಕಡಿ ಕೆಲಸ ಮಾಡ್ತಿದ್ವಿ."

"ಒಂದಽ ಮನ್ಯಾಗ ಇರ್ತಿದ್ರೇನು?"

"ಇಲ್ರಿ."

"ಮಕ್ಕಳು?"

ಮಾತಿಗೆ ಮೊದಲು ಅವಳ ಕೈ ಹೊಟ್ಟೆಯ ಮೇಲೆ ಹೋಯಿತು. ಪುಣೆಗೆ ಬಂದ ಮೂರನೆಯ ವರ್ಷ, ಕಟ್ಟುತ್ತಿದ್ದ ಕಟ್ಟಡದ ಕೆಳಮಹಡಿಯಲ್ಲಿ ತಾಡಪತ್ರಿ ಕಟ್ಟಿಕೊಂಡಿದ್ದಾಗ ಒಂದು ಹೆಣ್ಣು ಕೂಸು ಹುಟ್ಟಿತ್ತು. ಎಂಬತ್ತು ದಿನ ಇತ್ತು. ಜಾತ್ರೆಗೆ ಊರಿಗೆ ಹೋದಾಗ ಹೆಸರಿಟ್ಟರಾಯಿತು ಎಂದು ಬಿಟ್ಟಿದ್ದರು. ಅದಕ್ಕೂ ಕಾಗದವಿರಲಿಲ್ಲ.

"ಇಲ್ರಿ," ಎಂದಳು.

"ಒಂದೂ ಆಗಿಲ್ಲ?"

"ಆಗಿಲ್ರಿ."

ಕೆಂಪು ದೀಪ ಆರಿತು. ಅವಳು ಕೈ ಮುಗಿದು ಹೊರಗೆ ಬಂದಳು. ಕಾಗದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಿರಲಿಲ್ಲ. ಶಿವಪ್ರಕಾಶರು ಕಣ್ಣಲ್ಲೇ ಕೇಳಿದಾಗ ತಲೆಯಾಡಿಸಿದಳು. ಅವರು "ಶಿವ ಶಿವ" ಎಂದು ಎದೆ ಮುಟ್ಟಿಕೊಂಡರು.

ಶಂಕ್ರೆಪ್ಪ ಒಳಗೆ ಹೋದವನು ಬೇಗ ಬರಲಿಲ್ಲ. ಬಾಗಿಲ ಸಂದಿಯಿಂದ ಒಮ್ಮೆ ಅವನ ನಗು ಕೇಳಿಸಿತು. ಹೊರಗೆ ಬಂದಾಗ ಅವನ ಮುಖ ಗೆಲುವಾಗಿತ್ತು. "ಛಲೋ ಮಂದಿ ಅದಾರ," ಎಂದಷ್ಟೇ ಹೇಳಿದ. ಅಂದು ರಕ್ತ ತೊಳೆಯುವ ಸರದಿಯೂ ಇತ್ತು. ಹುಡುಗನೊಬ್ಬ ಗಾಲಿಕುರ್ಚಿ ತಂದು ಅವನನ್ನು ಎರಡನೆಯ ಮಹಡಿಗೆ ಕರೆದೊಯ್ದ.

ಊಟದ ಹೊತ್ತು ಮೀರಿದ ಮೇಲೆ ತ್ರಿವೇಣಿ ಬಂದಳು. ಬೆಂಚಿನ ಮೇಲೆ ಭೀಮವ್ವನ ಪಕ್ಕ ಕೂತಳು. ನಿಂತು ಹೇಳುವ ಸುದ್ದಿಯಾಗಿದ್ದರೆ ನಿಂತೇ ಹೇಳುತ್ತಿದ್ದಳು.

"ಮಾವಶಿ, ಒಪ್ಪಲಿಲ್ಲ."

"ಕಾಗದ ತಂದೀವಲ್ರಿ."

"ಕಾಗದಽ ತೊಂದರಿ ಆತು. ಕಾಕಾ ಮಶೀನಿಗೆ ಬರಾಕತ್ತಿ ಹನ್ನೊಂದು ತಿಂಗಳಾತು. ನಿಮ್ಮ ಮದುವಿ ಆಗಿದ್ದು ಹೋದ ತಿಂಗಳ. ಕಿಡ್ನಿ ತಗೊಳ್ಳೂ ಸಲುವಾಗಿ ಮದುವಿ ಮಾಡಿಕೊಂಡಂಗ ಕಾಣ್ತದ. ಆಮಿಷ ತೋರ್ಸಿ ಹಂಗ ಮಾಡೋರು ಇರ್ತಾರ, ಮಾವಶಿ. ಅದನ್ನ ತಡಿಯೂ ಸಲುವಾಗಿ ಈ ಕಾಯ್ದೆ ಇರೂದು."

ಶಿವಪ್ರಕಾಶರು ಎದ್ದು ನಿಂತರು. "ಬಾಯಿಯವರ, ಇಪ್ಪತ್ತೊಂದು ವರ್ಷದಿಂದ ಗಂಡಾ ಹೆಂಡತಿ ಅದಾರ. ಉಡಿಕಿ ಆಗ್ಯಾದ. ಕಾಗದ ಇಲ್ಲಂತ ನಾನಽ ಮಾಡಿಸಿದೆ."

"ಕಾಕಾನೂ ಅದಽ ಹೇಳಿದ್ರು," ಎಂದಳು ತ್ರಿವೇಣಿ. "ಗುಡಿ ಹಿಂದಿನ ಸೀರಿ ಹೇಳಿದ್ರು, ತಾಡಪತ್ರಿ ಹೇಳಿದ್ರು, ಕೂಸಿಂದು ಹೇಳಿದ್ರು. ನಮ್ಮ ಸರ್ ಕಣ್ಣಾಗ ನೀರು ಬಂತು. ಕಾಗದ ಇಲ್ಲದಿದ್ರೂ ಹಂಗ ಒಪ್ಪಾಕ ದಾರಿ ಐತಿ. ವಸ್ತಿಯವರನ್ನ ಕರದು ಕೇಳ್ತಾರ, ಇಬ್ಬರ ಮಾತೂ ಕೂಡಿದ್ರ ಒಪ್ತಾರ." ಅವಳು ನಿಲ್ಲಿಸಿ ಭೀಮವ್ವನ ಕಡೆ ನೋಡಲಾರದೆ ತನ್ನ ಬೆರಳು ನೋಡಿಕೊಂಡಳು. "ಆದ್ರ ಮಾವಶಿ, ನೀವು ಏನೂ ಆಗಬೇಕಿರ್ಲಿಲ್ಲ ಅಂದ್ರಿ."

ಎಲ್ಲೋ ಲಿಫ್ಟಿನ ಗಂಟೆ ಬಡಿಯಿತು. ಭೀಮವ್ವ ಪ್ಲಾಸ್ಟಿಕ್ ಹಾಳೆಯನ್ನು ಬದಿಗಿಟ್ಟು, "ಇನ್ನೊಮ್ಮಿ ಕೇಳ್ರಿ ಅಂತ ಹೇಳ್ರಿ. ಖರೇ ಹೇಳ್ತೀನಿ," ಎಂದಳು.

"ಎಲ್ಲಾ ಕ್ಯಾಮೆರಾದಾಗ ಕುಂತದ. ಈಗ ಹೇಳೂದು ಖರೇ ಆದ್ರ ಆಗ ಸುಳ್ಳು ಯಾಕ ಹೇಳಿದ್ರಿ ಅಂತಾರ. ಮುಂಬೈಗಿ ಅಪೀಲು ಹಾಕಬಹುದು. ಅಲ್ಲಿಗೂ ಅದಽ ಕ್ಯಾಮೆರಾ ಹೋಗ್ತದ." ತ್ರಿವೇಣಿ ಅವಳ ಕೈ ಹಿಡಿದುಕೊಂಡಳು. "ಹಾಕೂಣು ಮಾವಶಿ. ನಾ ಬರದು ಕೊಡ್ತೀನಿ. ಆದ್ರ ತಿಂಗಳುಗಟ್ಟಲೆ ಹಿಡೀತದ."

ತಿಂಗಳುಗಟ್ಟಲೆ ತಡೆಯುವಷ್ಟು ಶಕ್ತಿ ಶಂಕ್ರೆಪ್ಪನ ಎಡಗೈಯ ನರಕ್ಕಿರಲಿಲ್ಲ. ತ್ರಿವೇಣಿ ಹೋದ ಮೇಲೆ ಶಿವಪ್ರಕಾಶರು ಬೆಂಚಿನ ಆ ತುದಿಯಲ್ಲಿ ಕುಸಿದು ಕೂತರು. ಮೂವತ್ತು ವರ್ಷದಲ್ಲಿ ಅವರು ಎಷ್ಟೋ ಮನೆ, ಎಷ್ಟೋ ಹೆಸರು, ಎಷ್ಟೋ ಹುಟ್ಟುಸಾವುಗಳನ್ನು ಕಾಯದೇಶೀರ ಮಾಡಿದ್ದರು.

"ನಂದಽ ತಪ್ಪು, ತಂಗೆವ್ವಾ. ಒಂದು ಮಾತು ಹೆಚ್ಚಿಗಿ ಬ್ಯಾಡ ಅಂದವನು ನಾನಽ."

"ನೀವು ಕೂಸಿಂದು ಹೇಳಬ್ಯಾಡ ಅಂದಿರ್ಲಿಲ್ರಿ ಅಣ್ಣಾರ," ಎಂದಳು ಭೀಮವ್ವ. ಅದರಲ್ಲಿ ದೂರೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಶಿವಪ್ರಕಾಶರು ಹೆಗಲ ಮೇಲಿನ ವಲ್ಲಿಯಿಂದ ಮುಖ ಮುಚ್ಚಿಕೊಂಡರು.

ಸಂಜೆ ಗಂಡ ಹೆಂಡತಿ ಇಬ್ಬರೂ ವಸ್ತಿಗೆ ಬಂದರು. ಮೋಡ ಹಾಗೆಯೇ ಇತ್ತು. ಒಪ್ಪಲಿಲ್ಲವೆಂದು ಬಸ್ಸಿನಲ್ಲೇ ಅವಳು ಹೇಳಿಬಿಟ್ಟಿದ್ದಳು. ಯಾಕೆ ಎಂದು ಅವನು ಕೇಳಿದ್ದಕ್ಕೆ ಕಾಗದ ಸರಿ ಇಲ್ಲವಂತೆ ಎಂದಿದ್ದಳು. ಅವನು ಹೂಂಗುಟ್ಟಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಈಗ ಹೊರಸಿನ ಮೇಲೆ ಅಡ್ಡಾಗಿ, ಅವಳು ರೊಟ್ಟಿ ಬಡಿಯುವುದನ್ನು ನೋಡುತ್ತಿದ್ದ.

"ಭೀಮಿ, ನನಗ ಕೂಸಿಂದು ಕೇಳಿದ್ರು. ತಲಿ ತುಂಬ ಕೂದಲಿದ್ದವು, ಥೇಟ್ ನಮ್ಮವ್ವನಂಗ ಇತ್ತು ಅಂತ ಹೇಳಿದೆ. ನೀ ಏನೇನು ಹೇಳಿದಿ?"

ಅವಳ ಕೈಯ ಸದ್ದು ನಿಂತು ಮತ್ತೆ ಶುರುವಾಯಿತು.

"ನಾನೂ ಅಷ್ಟಽ ಹೇಳಿದೆರಿ."

"ಹೂಂ," ಎಂದ. ಆಮೇಲೆ ಆ ಮಾತು ತೆಗೆಯಲಿಲ್ಲ.

ರಕ್ತ ತೊಳೆದ ದಿನ ಅವನಿಗೆ ನೀರಡಿಕೆ ಹೆಚ್ಚು. ದಿನಕ್ಕೆ ಅರ್ಧ ಲೀಟರಿಗಿಂತ ಒಂದು ಹನಿಯೂ ಮಿಗಬಾರದು ಎಂದು ಡಾಕ್ಟರ ಕಟ್ಟಪ್ಪಣೆ. ಭೀಮವ್ವ ಮುಂಜಾನೆಗೊಮ್ಮೆ ಒಂದು ಬಾಟಲಿ ತುಂಬಿಡುತ್ತಿದ್ದಳು. ಅವನ ಪಾಲಿನ ದಿನವೆಲ್ಲ ಅದರೊಳಗೆ. ಹನ್ನೊಂದು ತಿಂಗಳಲ್ಲಿ ಅವನು ಬೇಡಿದ್ದುಂಟು, ಬೈದದ್ದುಂಟು, ಒಮ್ಮೆ ಅತ್ತದ್ದೂ ಉಂಟು. ಅವಳು ಕೊಟ್ಟಿರಲಿಲ್ಲ. ಅವತ್ತು ಬಾಟಲಿ ಆಗಲೇ ಬರಿದಾಗಿತ್ತು.

"ನಾಳಿಂದರಾಗ ಎರಡು ಗುಟುಕು ಕೊಡು," ಎಂದ.

"ನಾಳಿಗಿ ಕಡಿಮಿ ಬೀಳ್ತದ."

"ಬೀಳ್ಲಿ. ನಾಳಿ ತಿರುಗಿ ಕೊಡ್ತೀನಿ."

ಭೀಮವ್ವ ಕೊಡದಿಂದ ನೀರು ಬಗ್ಗಿಸಿ ಬಾಟಲಿಯ ಮುಚ್ಚಳದಲ್ಲಿ ಅಳೆದು ಒಂದು, ಮತ್ತೆ ಇನ್ನೊಂದು ಕೊಟ್ಟಳು. ಅವನು ಬಾಯಲ್ಲಿ ಹಿಡಿದು, ತಡೆದು ತಡೆದು ನುಂಗಿದ.

ಮರುದಿನ ನಳ ಬಂದಾಗ ಅವಳು ಎಂದಿನಂತೆ ಬಾಟಲಿ ತುಂಬಿದಳು. ನಿನ್ನೆ ಕೊಟ್ಟ ಎರಡು ಮುಚ್ಚಳ ಕಡಿಮೆ ಮಾಡಬೇಕಿತ್ತು. ಮಾಡಲು ಕೈ ಬರಲಿಲ್ಲ, ಕಂಠದವರೆಗೆ ತುಂಬಿ ಹೊರಸಿನ ಪಕ್ಕ ಇಟ್ಟಳು. ಶಂಕ್ರೆಪ್ಪ ಎದ್ದು ಕೂತ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಮುಚ್ಚಳ ಬಿಚ್ಚಿ, ಅದರ ಅಂಚಿನ ಮಟ ನೀರು ಸುರುವಿ, ಅವಳ ಕಡೆ ಚಾಚಿದ. ಸೂಜಿಗಳಿಂದ ಗಂಟುಗಂಟಾದ ಆ ಕೈಯಿಂದ ಒಂದು ಹನಿಯೂ ತುಳುಕಲಿಲ್ಲ. ಅವಳು ತೆಗೆದುಕೊಂಡು ಕೊಡಕ್ಕೆ ಸುರಿದಳು, ಬರಿದಾದ ಮುಚ್ಚಳವನ್ನು ಅವನ ಕೈಗೆ ಕೊಟ್ಟಳು. ಅವನು ಅದರಲ್ಲಿ ಎರಡನೆಯದನ್ನು ಸುರುವತೊಡಗಿದ.